ನಾಲ್ಕು ಜನರ ಮನೆ, ಮೂವತ್ತು ಗ್ರೋ ಬ್ಯಾಗ್: ವಾರಕ್ಕೆ ಮೂರು ದಿನದ ತರಕಾರಿಗೆ ಏನು ಹಾಕಲಿ?

ತಾರಸಿತೋಟ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಹೋದ ನವೆಂಬರಿನಲ್ಲಿ ತಾರಸಿ ಮೇಲೆ ಕೈತೋಟ ಶುರು ಮಾಡಿದೆ. ಮೂವತ್ತು ಗ್ರೋ ಬ್ಯಾಗ್, ಒಂದೊಂದೂ ಒಂದಡಿ ಅಗಲ. ಮಾರ್ಕೆಟ್ಟಿನಿಂದ ಯಾವಾಗಲೂ ಏನು ತರುತ್ತೇವೋ ಅದನ್ನೇ ಹಾಕಿದೆ. ಟೊಮೆಟೊ, ದಪ್ಪ ಮೆಣಸಿನಕಾಯಿ, ಹೂಕೋಸು, ಕ್ಯಾರೆಟ್, ಬೀನ್ಸ್, ಎರಡು ಬೆಂಡೆ ಗಿಡ.

ಆರು ತಿಂಗಳಲ್ಲಿ ಸಿಕ್ಕಿದ್ದು ಇಷ್ಟು. ಹೂಕೋಸು ಮುಷ್ಟಿ ಗಾತ್ರದ್ದು ಎರಡು. ಕ್ಯಾರೆಟ್ ಕಿರುಬೆರಳಿನಷ್ಟು. ಟೊಮೆಟೊ ಎಲೆ ಮುರುಟಿಕೊಂಡು ಗಿಡ ಅಲ್ಲಿಗೇ ನಿಂತಿತು. ಬೆಂಡೆ ದಿನಕ್ಕೊಂದು ಕಾಯಿ ಬಿಡುತ್ತಿತ್ತು, ಒಂದು ಕಾಯಿಯಲ್ಲಿ ಏನು ಮಾಡೋದು ಅಂತ ಫ್ರಿಜ್ಜಿನಲ್ಲಿಟ್ಟು ಬಾಡಿಸಿದೆ. ಬೀನ್ಸ್ ಮಾತ್ರ ಎರಡು ಸಲ ಪಲ್ಯಕ್ಕಾಯಿತು.

ನಮ್ಮತ್ತೆ ಊರಿಂದ ಬಸಳೆ ಬಳ್ಳಿಯ ತುಂಡು ತಂದಿದ್ದರು. ನೀರಿನ ಟ್ಯಾಂಕ್ ಪಕ್ಕ ಒಡೆದ ಬಕೆಟ್ಟಿನಲ್ಲಿ ಚುಚ್ಚಿಟ್ಟು ಹೋದರು. ಅದನ್ನು ಯಾರೂ ನೋಡಿಕೊಳ್ಳಲಿಲ್ಲ. ಈಗ ಪೈಪ್ ಹಿಡಿದು ಟ್ಯಾಂಕ್ ಮೇಲೆ ಹತ್ತಿಬಿಟ್ಟಿದೆ!

ನನ್ನ ಆಸೆ ದೊಡ್ಡದಲ್ಲ. ವಾರಕ್ಕೆ ಮೂರು ದಿನವಾದರೂ ನಮ್ಮ ನಾಲ್ಕು ಜನಕ್ಕೆ ಮನೆಯದೇ ತರಕಾರಿ ಆಗಬೇಕು. ಇದೇ ಜಾಗದಲ್ಲಿ ಸಾಧ್ಯವಾ? ಈಗ ಮೇ ಕೊನೆ. ಮಳೆ ಹಿಡಿಯುವ ಮುಂಚೆ ಏನು ಹಾಕಲಿ?

ಹಿತ್ತಿಲ ಬಾಗಿಲು (ಸಾಗರ)

ತಂಗಿ, ಆ ಬಸಳೆಯ ಪಕ್ಕದಲ್ಲೇ ನಿಂತು ಯೋಚನೆ ಮಾಡು. ನಿನ್ನ ತಾರಸಿಗೆ ಅದು ಒಗ್ಗಿದೆ. ಅಂಥವನ್ನೇ ಇನ್ನು ನಾಲ್ಕು ಹಾಕು. ತರಕಾರಿ ಅಂಗಡಿಗೆ ಹೂಕೋಸು ಎಲ್ಲೆಲ್ಲಿಂದಲೋ ಬರುತ್ತದೆ. ಅದನ್ನು ನಮ್ಮ ಹಿತ್ತಿಲಿನಲ್ಲಿ ಬೆಳೆಯೋಕೆ ಹೋದರೆ ಗಿಡಕ್ಕೂ ಕಷ್ಟ, ನಮಗೂ ಬೇಜಾರು.

ನಮ್ಮ ಕಡೆ ರೋಹಿಣಿ ಮಳೆ ಹೊತ್ತಿಗೆ ಹಿತ್ತಿಲಿಗೆ ಬೀಜ ಬೀಳಲೇಬೇಕು. ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ, ಬೆಂಡೆ, ಅಲಸಂದೆ. ಇವೆಲ್ಲ ಮಳೆಗಾಲದ ತರಕಾರಿ. ಚಪ್ಪರಕ್ಕೆ ಹತ್ತಿದ ಮೇಲೆ ಅವುಗಳ ಪಾಡಿಗೆ ಅವು ಕಾಯಿ ಬಿಡುತ್ತವೆ. ಬೇಸಿಗೆಗೆ ಸಾಂಬಾರ್ ಸೌತೆ, ಕುಂಬಳ, ಹರಿವೆ. ಸೌತೆಕಾಯಿಗೆ ಬಾಳೆನಾರು ಕಟ್ಟಿ ಅಟ್ಟದ ಕೆಳಗೆ ತೂಗು ಹಾಕಿದರೆ ಮಳೆಗಾಲದ ಅರ್ಧದವರೆಗೂ ಹುಳಿಗೆ ಚಿಂತೆ ಇಲ್ಲ. ನಮ್ಮಜ್ಜಿ ಕೈಯಲ್ಲಿ ತಟ್ಟಿ ಸದ್ದು ಕೇಳಿ ಯಾವುದನ್ನು ಮೊದಲು ಕೊಯ್ಯಬೇಕು ಅಂತ ಹೇಳುತ್ತಿದ್ದರು.

ಇನ್ನೊಂದು ಮಾತು. ಒಂದು ಬೆಂಡೆಕಾಯಿ ಸಿಕ್ಕಿತು ಅಂತ ಬಾಡಿಸಬೇಡ. ಗಿಡ ಕೊಟ್ಟದ್ದನ್ನು ನೋಡಿ ಅಡುಗೆ ನಿರ್ಧಾರ ಮಾಡಬೇಕು. ನಾಲ್ಕು ಬೆಂಡೆ, ಒಂದು ಬದನೆ, ಒಂದು ಹಿಡಿ ಅಲಸಂದೆ, ಬಸಳೆಯ ದಪ್ಪ ದಂಟು ಎರಡು. ಎಲ್ಲ ಸೇರಿಸಿದರೆ ಒಂದು ಬೆರಕೆ ಹುಳಿ ಆಯಿತಲ್ಲ. ಏನೂ ಇಲ್ಲದ ದಿನ ಒಂದೆಲಗವೋ ದೊಡ್ಡಪತ್ರೆಯೋ ಹತ್ತು ಎಲೆ ಇದ್ದರೆ ಸಾಕು. ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಚಕ್ರಮುನಿಯ ಒಂದು ಕಡ್ಡಿಯನ್ನೂ ನೆಡು. ನಾವು ವಿಟಮಿನ್ ಸೊಪ್ಪು ಅಂತೀವಿ. ಒಂದು ಗಿಡ ಇದ್ದರೆ ವರ್ಷವಿಡೀ ಚಿಗುರು.

ಹೊಲದಬದು (ಕನಕಪುರ)

ಸಾಗರದ ಅಕ್ಕ ಹೇಳಿದ್ದು ಸರಿ. ಚಕ್ರಮುನಿ ವಿಷಯಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಬೇಯಿಸಿ ತಿನ್ನಿ, ಅಡುಗೆಗೆ ಬೇಕಾದಷ್ಟೇ ಬಳಸಿ. ಹಸಿ ಸೊಪ್ಪಿನ ಜ್ಯೂಸ್ ಮಾತ್ರ ಬೇಡ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಈ ರಸವನ್ನು ವಾರಗಟ್ಟಲೆ ಕುಡಿದವರಿಗೆ ಶ್ವಾಸಕೋಶವೇ ಹಾಳಾಯಿತು. ಅದು ವಾಪಸ್ ಸರಿಯಾಗದಂಥ ತೊಂದರೆ. ಈಗ ಎಲ್ಲದಕ್ಕೂ ಜ್ಯೂಸ್ ಮಾಡುವ ಅಭ್ಯಾಸ ಬಂದಿದೆ, ಅದಕ್ಕೇ ಹೇಳಿದೆ.

ಮೇಡಂ, ನಿಮ್ಮ ಚೀಲಕ್ಕೆ ಏನು ತುಂಬಿದ್ದೀರಿ? ಗಿಡಗಳು ನಿಂತುಹೋದದ್ದು ನೋಡಿದರೆ ಮಣ್ಣಿನ ಮೇಲೇ ಅನುಮಾನ.

ತಾರಸಿತೋಟ (ಬೆಂಗಳೂರು)

ಅಂಗಡಿಯಲ್ಲಿ ರೆಡಿ ಮಿಕ್ಸ್ ಅಂತ ಕೊಟ್ಟರು, ಅದನ್ನೇ ತುಂಬಿದೆ. ಕೈಯಲ್ಲಿ ಹಿಡಿದರೆ ಹಗುರ, ಕಂದು ಬಣ್ಣ. ನೀರು ಹಾಕಿದರೆ ಸ್ಪಂಜಿನ ಹಾಗೆ ಉಬ್ಬುತ್ತದೆ.

ಹೊಲದಬದು (ಕನಕಪುರ)

ಹಾಗಾದರೆ ಅದು ಬಹುಪಾಲು ತೆಂಗಿನ ನಾರಿನ ಪುಡಿ. ಕೋಕೋಪೀಟ್ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿ ಗಿಡಕ್ಕೆ ಊಟ ಇಲ್ಲ. ಎರಡು ವಾರ ಚೆನ್ನಾಗಿ ಬರುತ್ತದೆ, ಆಮೇಲೆ ಹಳದಿ. ಎಸೆಯಬೇಡಿ, ಅದು ಬೇಕಾಗುತ್ತದೆ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ನಿಮ್ಮ ಹಳೇ ಕೋಕೋಪೀಟ್. ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿ. ಮಣ್ಣು ಜಾಸ್ತಿ ಮಾಡಬೇಡಿ. ನೆನೆದ ಮಣ್ಣು ಬಹಳ ಭಾರ, ತಾರಸಿಗೆ ಹೊರೆ. ಚೀಲಗಳನ್ನು ತಾರಸಿಯ ನಡುವೆ ಗುಡ್ಡೆ ಹಾಕದೆ ತೊಲೆ, ಗೋಡೆ ಇರುವ ಕಡೆ ಸಾಲಾಗಿ ಇಡಿ. ಕೆಳಗೆ ಇಟ್ಟಿಗೆ ಕೊಟ್ಟರೆ ನೀರು ನಿಲ್ಲುವುದಿಲ್ಲ.

ಇನ್ನು ಏನು ಹಾಕೋದು ಅನ್ನೋದು. ವಾರಕ್ಕೆ ಮೂರು ದಿನ ಅಂದಿರಲ್ಲ, ಅದರಲ್ಲಿ ಎರಡು ದಿನ ಸೊಪ್ಪಿಗೆ ಬಿಡಿ. ಜಾಗ ಕಮ್ಮಿ ಇರುವವರಿಗೆ ಸೊಪ್ಪಿನಷ್ಟು ಬೇಗ ಕೈಗೆ ಬರುವುದು ಬೇರೇನಿಲ್ಲ. ಹರಿವೆ, ಮೆಂತ್ಯ ಇಪ್ಪತ್ತೈದು ಮೂವತ್ತು ದಿನಕ್ಕೆ ಕಿತ್ತು ತಿನ್ನಬಹುದು. ಇದಕ್ಕೆ ಒಂದಡಿ ಚೀಲ ಬೇಡ. ಹಣ್ಣಿನ ಅಂಗಡಿಯ ಪ್ಲಾಸ್ಟಿಕ್ ಕ್ರೇಟು, ಥರ್ಮಾಕೋಲ್ ಡಬ್ಬ ನಡೆಯುತ್ತದೆ. ಆರಿಂಚು ಆಳ ಸಾಕು, ಅಗಲ ಬೇಕು. ನಾಲ್ಕು ಕ್ರೇಟ್ ಇಟ್ಟುಕೊಳ್ಳಿ. ಈ ವಾರ ಒಂದಕ್ಕೆ ಬೀಜ, ಮುಂದಿನ ವಾರ ಇನ್ನೊಂದಕ್ಕೆ. ನಾಲ್ಕನೆಯದಕ್ಕೆ ಬಿತ್ತಿದ ಮುಂದಿನ ವಾರವೇ ಮೊದಲನೆಯದು ಕೊಯ್ಲಿಗೆ ಬರುತ್ತದೆ. ಎಲ್ಲರೂ ಒಂದೇ ದಿನ ಎಲ್ಲ ಬಿತ್ತುತ್ತಾರೆ, ಒಂದು ವಾರ ತಿನ್ನಲಾರದಷ್ಟು, ಆಮೇಲೆ ಒಂದು ತಿಂಗಳು ಏನೂ ಇಲ್ಲ.

ಮೆಂತ್ಯದ ಬೀಜಕ್ಕೆ ಅಂಗಡಿಗೆ ಹೋಗಬೇಡಿ, ಅಡುಗೆಮನೆ ಡಬ್ಬಿಯದೇ ಆಗುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ.

ಮತ್ತೆ ಕಳೆ ಅಂತ ಕಿತ್ತು ಬಿಸಾಕುವ ಮುಂಚೆ ಒಮ್ಮೆ ನೋಡಿ. ಅಣ್ಣೆ, ಗಣಿಕೆ, ಗೋಣಿ, ಹೊನಗೊನ್ನೆ ಇವೆಲ್ಲ ಗೊಬ್ಬರದ ಜೊತೆ ತಾನಾಗಿ ಬರುತ್ತವೆ. ನಮ್ಮವ್ವ ಮಳೆ ಬಿದ್ದ ಹದಿನೈದು ದಿನಕ್ಕೆ ಮಡಿಲು ಕಟ್ಟಿಕೊಂಡು ಹೊಲಕ್ಕೆ ಹೋಗಿ ಬೆರಕೆ ಸೊಪ್ಪು ತರುತ್ತಿದ್ದರು. ಬೇಳೆ ಜೊತೆ ಬೇಯಿಸಿ, ಬಸಿದು, ಕಟ್ಟಿನಲ್ಲಿ ಬಸ್ಸಾರು, ಸೊಪ್ಪಿನಲ್ಲಿ ಪಲ್ಯ, ಬಿಸಿ ಮುದ್ದೆ. ಗುರುತು ಗೊತ್ತಿರುವ ಹಿರಿಯರನ್ನು ಕೇಳಿಯೇ ಕೀಳಿ. ಅನುಮಾನ ಇದ್ದರೆ ಬೇಡ.

ಕಿಟಕಿಗಿಡ (ಮೈಸೂರು)

ಬಾಡಿಗೆ ಮನೆ, ಒಂದು ಬಾಲ್ಕನಿ, ಬೆಳಿಗ್ಗೆ ಮೂರು ಗಂಟೆ ಬಿಸಿಲು. ನನಗೂ ಏನಾದರೂ ಹೇಳ್ತೀರಾ?

ಹಿತ್ತಿಲ ಬಾಗಿಲು (ಸಾಗರ)

ಅಷ್ಟು ಬಿಸಿಲಿಗೆ ಕಾಯಿ ಕಷ್ಟ. ಸೊಪ್ಪು ಆಗುತ್ತದೆ. ಒಂದೆಲಗ, ದೊಡ್ಡಪತ್ರೆ, ಪುದೀನ, ಮೆಂತ್ಯ. ತಂಬುಳಿಗೆ, ಚಟ್ನಿಗೆ ಸಾಕು.

ಎರೆಹೊಲ (ಧಾರವಾಡ)

ಎಲ್ಲಾರಿಗೂ ನಮಸ್ಕಾರ್ರಿ. ಬಳ್ಳಿ ತರಕಾರಿ ಹಾಕುವವರಿಗೆ ಒಂದು ವಿಷಯ ಹೇಳಬೇಕು. ನಾನು ಎರಡು ವರ್ಷ ಒದ್ದಾಡಿ ಕಲಿತದ್ದು.

ನಮ್ಮ ಮನೆ ಮಹಡಿ ಮೇಲೆ ಹೀರೆಬಳ್ಳಿ ತುಂಬ ಹೂವು. ಪಿಂದೆ ಬೆರಳುದ್ದ ಬರುವುದು, ಹಳದಿಯಾಗುವುದು, ಉದುರುವುದು. ಗೊಬ್ಬರ ಹಾಕಿದೆ, ನೀರು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ಏನೂ ಆಗಲಿಲ್ಲ. ಕುಂಬಳಕ್ಕೆ ಮಾಡುವ ಹಾಗೆ ಬೆಳಿಗ್ಗೆ ಆರಕ್ಕೆ ಎದ್ದು ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಸವರಿದೆ. ಆಗಲೂ ಇಲ್ಲ.

ಒಂದು ದಿನ ಸಂಜೆ ಐದೂವರೆಗೆ ಒಣಗಿದ ಬಟ್ಟೆ ತರಲು ಮೇಲೆ ಹೋದೆ. ಮೊಗ್ಗುಗಳು ಆಗ ಬಿಚ್ಚಿಕೊಳ್ಳುತ್ತಿದ್ದವು. ಹಳದಿ ಎಸಳು ಒಂದೊಂದೇ ಹೊರಳಿ ನಿಲ್ಲುತ್ತಿತ್ತು. ಹತ್ತಿರ ಹೋದರೆ ತೆಳ್ಳನೆ ಸಿಹಿ ವಾಸನೆ. ಅರ್ಧ ಗಂಟೆಯಲ್ಲಿ ಬಳ್ಳಿ ಪೂರ್ತಿ ಹಳದಿ. ಹೀರೆಯ ಹೂವು ಸಂಜೆ ಅರಳುತ್ತದ್ರಿ! ಬೆಳಿಗ್ಗೆ ನಾನು ಸವರುತ್ತಿದ್ದದ್ದು ಮುದುಡಿ ಮುಗಿದ ಹೂವು. ಹೊಲದಲ್ಲಿ ರಾತ್ರಿ ಹಾರುವ ಪತಂಗಗಳು ಆ ಕೆಲಸ ಮಾಡುತ್ತವೆ. ಊರ ನಡುವಿನ ಮೂರನೇ ಮಹಡಿಗೆ ಅವು ಎಷ್ಟು ಬರುತ್ತವೋ.

ಅವತ್ತೇ ಸಂಜೆ ಆರು ಹೂವಿಗೆ ಸವರಿದೆ. ಗಂಡು ಹೂವು ಗೊಂಚಲಿನಲ್ಲಿ ಬರುತ್ತದೆ, ಬುಡದಲ್ಲಿ ಕಾಯಿ ಇರುವುದಿಲ್ಲ. ಹೆಣ್ಣು ಹೂವು ಒಂಟಿ, ಬುಡದಲ್ಲಿ ಸಣ್ಣ ಹೀರೆಕಾಯಿ ಇರುತ್ತದೆ, ಏಣು ಸಮೇತ. ಗಂಡು ಹೂವಿನ ಎಸಳು ಹರಿದು ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಮುಟ್ಟಿಸಬೇಕು. ಮೂರನೇ ದಿನಕ್ಕೆ ಪಿಂದೆ ಕೆಳಗೆ ಬಾಗಿತು. ಆರರಲ್ಲಿ ಐದು ಕಾಯಿ ನಿಂತವು.

ಸೋರೆ ಸಂಜೆ, ಪಡುವಲ ರಾತ್ರಿಗೆ. ಕುಂಬಳ, ಹಾಗಲ, ಸೌತೆ, ತುಪ್ಪದ ಹೀರೆ ಬೆಳಿಗ್ಗೆ. ಇದೊಂದು ಗೊತ್ತಿದ್ದರೆ ಎಷ್ಟೋ ಜನ ಬಳ್ಳಿ ಕಿತ್ತು ಹಾಕುವುದು ತಪ್ಪುತ್ತದೆ.

ಹಿತ್ತಿಲ ಬಾಗಿಲು (ಸಾಗರ)

ಎಷ್ಟು ಚೆನ್ನಾಗಿ ಹೇಳಿದಿರಿ. ನಲವತ್ತು ವರ್ಷ ಹೀರೆ ಬೆಳೆದಿದ್ದೇನೆ, ಸಂಜೆ ಹೂವು ನೋಡಿದ್ದೇನೆ, ಆದರೆ ನೆಲದ ತೋಟದಲ್ಲಿ ಸವರುವ ಅಗತ್ಯ ಬರಲಿಲ್ಲ.

ಕಾಯಿ ಬಂದ ಮೇಲೆ ಸಿಪ್ಪೆ ಬಿಸಾಡಬೇಡಿ. ಏಣು ಹೆರೆದು, ಸಿಪ್ಪೆಯನ್ನು ಎಣ್ಣೆಯಲ್ಲಿ ಗರಿಗರಿ ಆಗುವವರೆಗೆ ಹುರಿಯಿರಿ. ಉದ್ದಿನಬೇಳೆ, ಒಣಮೆಣಸು, ಹುಣಸೆ, ಚೂರು ಬೆಲ್ಲ, ಕಾಯಿ. ತರಿತರಿ ರುಬ್ಬಿ. ತಿರುಳು ಪಲ್ಯಕ್ಕೆ. ಒಂದೇ ಕಾಯಿಯಲ್ಲಿ ಎರಡು ಬಗೆ ಆಯಿತು.

ದೂರದಮನೆ (ನ್ಯೂಜೆರ್ಸಿ)

ನಾನು ಹಾಸನದವಳು, ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಇಲ್ಲಿ ನಮ್ಮ ಬೇಸಾಯ ಮಾರ್ಚಿನಲ್ಲಿ ಮನೆಯೊಳಗೆ ಶುರು. ಬದನೆ, ಮೆಣಸಿನ ಬೀಜ ಕಿಟಕಿ ಪಕ್ಕ ಮೊಳಕೆ ಬರಿಸಿ, ಮೇ ಎರಡನೇ ವಾರ ಕಳೆದು ಹಿಮದ ಭಯ ಹೋದ ಮೇಲೆ ಹೊರಗೆ ನೆಡುತ್ತೇವೆ. ಬಸಳೆ, ಸೋರೆ, ಬೆಂಡೆ ಚೆನ್ನಾಗಿ ಬರುತ್ತವೆ. ಜಿಂಕೆ ಬಂದು ಮೇಯುತ್ತವೆ, ಅದಕ್ಕೆ ಎತ್ತರದ ಬೇಲಿ ಬೇಕು.

ನನ್ನ ಸಂಕಟ ಅವರೆಕಾಯಿ. ಹಾಸನದವರಿಗೆ ಅವರೆ ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ನಾಲ್ಕು ವರ್ಷದಿಂದ ಹಾಕುತ್ತಿದ್ದೇನೆ. ಬಳ್ಳಿ ಬೇಲಿ ತುಂಬ ಹಬ್ಬುತ್ತದೆ, ಜುಲೈ, ಆಗಸ್ಟ್ ಪೂರ್ತಿ ಬರೀ ಎಲೆ. ಸೆಪ್ಟೆಂಬರ್ ಕೊನೆಗೆ ಹೂವು. ಕಾಯಿ ಬಲಿಯುವ ಹೊತ್ತಿಗೆ ಹಿಮ ಬಿದ್ದು ಒಂದೇ ರಾತ್ರಿಗೆ ಕಪ್ಪಾಗುತ್ತದೆ. ಹೋದ ವರ್ಷ ಅಕ್ಟೋಬರಿನಲ್ಲಿ ಕೈಯಲ್ಲಿ ಹಿಡಿದ ಎಳೆಕಾಯಿಗಳಲ್ಲಿ ಕಾಳು ಎಳ್ಳಿನಷ್ಟಿತ್ತು. ಅತ್ತುಬಿಟ್ಟೆ.

ಹೊಲದಬದು (ಕನಕಪುರ)

ಅಕ್ಕಾ, ಆ ಬಳ್ಳಿಯ ತಪ್ಪಿಲ್ಲ, ನಿಮ್ಮದೂ ಇಲ್ಲ. ನಾಡ ಅವರೆ ಹಗಲು ಚಿಕ್ಕದಾಗುವುದನ್ನು ಕಾಯುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ರಾಗಿ ಸಾಲಿನ ನಡುವೆ ಬಿತ್ತಿ, ಚಳಿ ಶುರುವಾದಾಗ ಹೂವು ಬಿಟ್ಟು, ಡಿಸೆಂಬರ್ ಜನವರಿಗೆ ಸೊಗಡಿನ ಕಾಯಿ ಬರುವುದು ಅದಕ್ಕೇ. ನಿಮ್ಮಲ್ಲಿ ಬೇಸಿಗೆಯ ಹಗಲು ಹದಿನೈದು ಗಂಟೆ. ಅದಕ್ಕೆ ಹೂ ಬಿಡುವ ಕಾಲ ಅಂತ ಗೊತ್ತಾಗುವುದೇ ಸೆಪ್ಟೆಂಬರಿಗೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ತಳಿ ಮಾಡಿದ್ದಾರೆ. ಎಚ್‌ಎ 3, ಎಚ್‌ಎ 4. ಇವು ಹಗಲಿನ ಲೆಕ್ಕ ನೋಡುವುದಿಲ್ಲ, ಗಿಡ್ಡ ಪೊದೆಯಾಗಿ ಬೆಳೆದು ವರ್ಷದ ಯಾವ ಕಾಲದಲ್ಲೂ ಹೂ ಬಿಡುತ್ತವೆ. ಸೊಗಡು ನಾಡ ಅವರೆಯಷ್ಟಿಲ್ಲ, ನೇರವಾಗಿ ಹೇಳುತ್ತೇನೆ. ಆದರೆ ನಿಮಗೆ ಜುಲೈ ಆಗಸ್ಟಿನಲ್ಲೇ ಕಾಳು ಸಿಗುತ್ತದೆ. ಬೀಜವನ್ನು ಸುಮ್ನೆ ಕವರಿನಲ್ಲಿ ಹಾಕಿ ಕಳಿಸಲು ಯಾರಿಗೂ ಹೇಳಬೇಡಿ, ಅಲ್ಲಿ ಅದಕ್ಕೆ ಪರವಾನಗಿ ಕಾಗದ ಬೇಕು. ಅಲ್ಲೇ ಬೆಳೆಯುವವರ ಹತ್ತಿರ ವಿಚಾರಿಸಿ.

ದೂರದಮನೆ (ನ್ಯೂಜೆರ್ಸಿ)

ಹಗಲಿನ ಲೆಕ್ಕ! ನಾಲ್ಕು ವರ್ಷ ಗೊಬ್ಬರವನ್ನೇ ಬದಲಾಯಿಸುತ್ತಿದ್ದೆ. ತುಂಬಾ ಧನ್ಯವಾದ ತಮ್ಮಾ.

ಬೀಜಗಂಟು (ಉಡುಪಿ)

ಬದನೆ ಬಗ್ಗೆ ಯಾರೂ ಬರೆಯಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ನಮ್ಮ ಮಟ್ಟುಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ದುಂಡಗೆ, ತಿಳಿ ಹಸಿರು, ಮೇಲೆ ಬಿಳಿ ಗೆರೆ. ಬೇಯಿಸಿದರೆ ಬೆಣ್ಣೆ. ನಮ್ಮ ಮಟ್ಟು ಊರಿನ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಬೆಳೆಯುವುದು. ಅದನ್ನು ಬೆಂಗಳೂರಿನ ಚೀಲದಲ್ಲಿ ಬೆಳೆದು ಅದೇ ರುಚಿ ಬರಲಿಲ್ಲ ಅನ್ನುವವರು ತುಂಬ ಜನ. ಆ ಉಪ್ಪುಗಾಳಿಯ ಮಣ್ಣು ನಿಮ್ಮಲ್ಲಿ ಇಲ್ಲ. ನಿಮ್ಮ ಕಡೆಯ ನಾಟಿ ಬದನೆಯನ್ನೇ ಹಾಕಿ.

ಕರಾವಳಿ, ಮಲೆನಾಡಿನಲ್ಲಿ ಬದನೆಗೆ ದೊಡ್ಡ ಕಾಟ ಸೊರಗು ರೋಗ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನ ಬಿಸಿನೀರು ಹೊಯ್ದ ಹಾಗೆ ಜೋತು ಬೀಳುತ್ತದೆ, ಮತ್ತೆ ಏಳುವುದಿಲ್ಲ. ಮಣ್ಣಿನೊಳಗಿನ ಬ್ಯಾಕ್ಟೀರಿಯಾ ಅದು. ಗಿಡದ ದಂಟು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಿ, ಹಾಲಿನ ಎಳೆಯ ಹಾಗೆ ಇಳಿದರೆ ಅದೇ. ಔಷಧಿ ಹುಡುಕುತ್ತ ದುಡ್ಡು ಕಳೆಯಬೇಡಿ. ಆ ಚೀಲದ ಮಣ್ಣಿಗೆ ಮತ್ತೆ ಬದನೆ, ಟೊಮೆಟೊ, ಮೆಣಸು ಹಾಕಬೇಡಿ. ಸುಂಡೆ ಗಿಡದ ಬುಡಕ್ಕೆ ಬದನೆಯ ಕಸಿ ಕಟ್ಟಿದರೆ ಸೊರಗು ತಡೆಯುತ್ತದೆ, ಎರಡು ಮೂರು ವರ್ಷ ಕಾಯಿ ಕೊಡುತ್ತದೆ. ನಮ್ಮ ಬಾವಿಕಟ್ಟೆ ಹತ್ತಿರದ್ದು ಎದೆಮಟ್ಟಕ್ಕೆ ಬಂದಿದೆ.

ತಾರಸಿತೋಟ (ಬೆಂಗಳೂರು)

ಇದೆಲ್ಲ ಬರೆದಿಟ್ಟುಕೊಂಡೆ. ಹುಳಕ್ಕೆ ಏನು ಮಾಡ್ತೀರಿ? ಮಕ್ಕಳು ಗಿಡದಿಂದ ಕಿತ್ತು ಹಾಗೇ ತಿನ್ನುತ್ತಾರೆ, ಅದಕ್ಕೆ ವಿಷ ಹೊಡೆಯುವ ಮನಸ್ಸಿಲ್ಲ.

ಎರೆಹೊಲ (ಧಾರವಾಡ)

ಒಂದು ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ನೀರು. ಸಂಜೆ ಹೊಡೆಯಿರಿ, ಎಲೆಯ ಅಡಿಗೆ ತಾಗಬೇಕು. ವಾರಕ್ಕೊಮ್ಮೆ. ಹಾಗಲ, ಹೀರೆಗೆ ಹಣ್ಣುನೊಣ ಬಂದು ಎಳೆಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಒಳಗೆ ಹುಳ ಆಗಿ ಕೊಳೆಯುತ್ತದೆ. ಕಾಯಿ ಬೆರಳುದ್ದ ಇದ್ದಾಗಲೇ ಪೇಪರ್ ಕೊಳವೆಯೋ ತೆಳು ಬಟ್ಟೆಯೋ ತೊಡಿಸಿಬಿಡಿ. ಕೊಳೆತದ್ದನ್ನು ಗಿಡದ ಬುಡದಲ್ಲಿ ಬಿಡಬೇಡಿ. ಹಿಂಡು ಹೇನು ಬಂದರೆ ಮೊದಲು ಬರೀ ನೀರನ್ನು ಜೋರಾಗಿ ಹೊಡೆದು ನೋಡಿ.

ಬೆಂಡೆಗೆ ಎಲೆಯ ನರ ಹಳದಿಯಾದರೆ ಅದು ನಂಜು ರೋಗ. ಬಿಳಿ ನೊಣದಿಂದ ಹರಡುತ್ತದೆ. ಆ ಗಿಡ ಕಿತ್ತುಬಿಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಅನಾಮಿಕ ಬೀಜ ಹಾಕಿ, ಆ ರೋಗ ತಡೆಯಲೆಂದೇ ಮಾಡಿದ ತಳಿ. ನೀವು ಬೆಂಗಳೂರಿನವರು, ಅಲ್ಲಿಗೇ ಹೋಗಿ ತರಬಹುದು. ಮತ್ತೆ ಬೆಂಡೆ ಎರಡು ಗಿಡ ಹಾಕಬೇಡ್ರಿ. ಹತ್ತು ಗಿಡ ಹಾಕಿದರೆ ದಿನ ಬಿಟ್ಟು ದಿನ ಒಂದು ಪಲ್ಯಕ್ಕಾಗುತ್ತದೆ.

ಲೆಕ್ಕದಪುಸ್ತಕ (ತುಮಕೂರು)

ಒಂದು ಪ್ರಶ್ನೆ ಕೇಳಲೇಬೇಕು. ಚೀಲ, ಗೊಬ್ಬರ, ಬೀಜ, ಸ್ಪ್ರೇ ಪಂಪ್ ಎಲ್ಲ ಸೇರಿಸಿದರೆ ಮಾರ್ಕೆಟ್ ತರಕಾರಿಯೇ ಅಗ್ಗ ಅಲ್ವಾ? ನಾನು ಒಂದು ವರ್ಷ ಬರೆದಿಟ್ಟೆ. ಟೊಮೆಟೊ, ಈರುಳ್ಳಿ ಬೆಳೆದದ್ದು ಪೂರ್ತಿ ನಷ್ಟ. ಬೆಲೆಗಿಂತ ಜಾಸ್ತಿ ಗೊಬ್ಬರಕ್ಕೇ ಹೋಯಿತು.

ಹೊಲದಬದು (ಕನಕಪುರ)

ನಿಮ್ಮ ಲೆಕ್ಕ ನಿಜ. ಟೊಮೆಟೊ, ಈರುಳ್ಳಿ, ಆಲೂಗಡ್ಡೆಯನ್ನು ರೈತರ ಹತ್ತಿರವೇ ಕೊಳ್ಳೋಣ, ಅವರಿಗೂ ನಾಲ್ಕು ಕಾಸು ಸಿಗಲಿ. ಮನೆಯಲ್ಲಿ ಬೆಳೆಯಬೇಕಾದ್ದು ಕಿತ್ತ ಗಂಟೆಯೊಳಗೆ ಬಾಡುವಂಥದ್ದು, ಅಂಗಡಿಯಲ್ಲಿ ಸಿಗದೇ ಇರುವಂಥದ್ದು. ಖರ್ಚು ಇಳಿಸಬೇಕಾದರೆ ಹೊಸ ಚೀಲ ಕೊಳ್ಳಬೇಡಿ. ಪೇಂಟ್ ಬಕೆಟ್ಟನ್ನು ಚೆನ್ನಾಗಿ ತೊಳೆದು ಹೂವಿನ ಗಿಡಕ್ಕೆ ಇಡಿ, ತರಕಾರಿಗೆ ಎಣ್ಣೆ ಡಬ್ಬ, ಅಕ್ಕಿ ಚೀಲ. ಗೊಬ್ಬರ ಅಡುಗೆಮನೆಯಲ್ಲೇ ಇದೆ. ಒಂದು ಪಾಲು ತರಕಾರಿ ಸಿಪ್ಪೆಗೆ ಎರಡು ಪಾಲು ಒಣ ಎಲೆ, ಡ್ರಮ್ಮಿಗೆ ತೂತು, ವಾರಕ್ಕೊಮ್ಮೆ ಕೈಯಾಡಿಸುವುದು. ಮೂರು ತಿಂಗಳಿಗೆ ಗೊಬ್ಬರ. ವಾಸನೆ ಬಂದರೆ ಒಣ ಎಲೆ ಕಮ್ಮಿ ಆಗಿದೆ ಅಂತ ಅರ್ಥ.

ಹಸು ಇರುವವರ ಪರಿಚಯ ಇದ್ದರೆ ಜೀವಾಮೃತ ಮಾಡಿಕೊಳ್ಳಿ. ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿ ಎರಡು ಮೂರು ದಿನ, ಬೆಳಿಗ್ಗೆ ಸಂಜೆ ಕೋಲಿನಲ್ಲಿ ತಿರುವಿ. ನೀರು ಬೆರೆಸಿ ಬುಡಕ್ಕೆ.

ಲೆಕ್ಕದಪುಸ್ತಕ (ತುಮಕೂರು)

ಒಪ್ಪಿದೆ. ಈ ಸಲ ಬರೀ ಸೊಪ್ಪು, ತೊಂಡೆ. ತೊಂಡೆಗೆ ಬೀಜ ಎಲ್ಲಿ ಸಿಗುತ್ತದೆ?

ಬೀಜಗಂಟು (ಉಡುಪಿ)

ಬೀಜ ಬೇಡ. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯಿಂದ ಪೆನ್ಸಿಲ್ ದಪ್ಪದ, ಗೇಣುದ್ದದ ತುಂಡು ಕೇಳಿ ತನ್ನಿ. ಎರಡು ಗಿಣ್ಣು ಮಣ್ಣೊಳಗೆ, ಎರಡು ಹೊರಗೆ.

ತಾರಸಿತೋಟ (ಬೆಂಗಳೂರು)

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮಣ್ಣು ಬದಲಾಯಿಸಿದೆ. ನಾಲ್ಕು ಕ್ರೇಟಿನಲ್ಲಿ ಸೊಪ್ಪು ವಾರಕ್ಕೊಂದರಂತೆ ಬರುತ್ತಿದೆ. ಜುಲೈನಲ್ಲಿ ಜಡಿಮಳೆಗೆ ಒಂದು ಕ್ರೇಟ್ ಮೆಂತ್ಯ ಕೊಳೆತು ಹೋಯಿತು, ಉಳಿದವುಗಳಿಗೆ ಹಳೇ ಛತ್ರಿ ಬಟ್ಟೆ ಕಟ್ಟಿದೆ. ಬೆಂಡೆ ಹತ್ತು ಗಿಡ. ಹಾಗಲದ ಮೊದಲ ಕಾಯಿಗಳು ನೊಣಕ್ಕೆ ಹೋದವು. ಈಗ ಎಲ್ಲಕ್ಕೂ ಪೇಪರ್ ತೊಡಿಸಿದ್ದೇನೆ.

ವಾರಕ್ಕೆ ಮೂರು ದಿನ ಇನ್ನೂ ಆಗಿಲ್ಲ. ಎರಡು ದಿನ ಖಂಡಿತ, ಕೆಲವು ವಾರ ಮೂರು. ಉಳಿದಂತೆ ಚೂರುಪಾರು ಸಿಕ್ಕಿದ್ದನ್ನು ಶನಿವಾರ ಎಲ್ಲ ಸೇರಿಸಿ ಬೆರಕೆ ಹುಳಿ ಮಾಡುತ್ತೇನೆ. ಮಕ್ಕಳು ಅದಕ್ಕೆ ಶನಿವಾರದ ಹುಳಿ ಅಂತಲೇ ಹೆಸರಿಟ್ಟಿದ್ದಾರೆ.

ಧಾರವಾಡದವರಿಗೆ ವಿಶೇಷವಾಗಿ ಹೇಳಬೇಕು. ನನ್ನ ಮಗಳಿಗೆ ಈಗ ಸಂಜೆ ಆರು ಗಂಟೆಗೆ ಹೀರೆಹೂವಿನ ಕೆಲಸ. ಬೆರಳ ತುದಿಗೆ ಹಳದಿ ಪುಡಿ ಹತ್ತಿಸಿಕೊಂಡು ಕೆಳಗೆ ಬರುತ್ತಾಳೆ. ನಿನ್ನೆ ಏಳನೇ ಕಾಯಿ ಕೊಯ್ದೆವು. ಅತ್ತೆಗೆ ಫೋನ್ ಮಾಡಿ ಸಿಪ್ಪೆ ಚಟ್ನಿ ಮಾಡಿದ್ದೀನಿ ಅಂದೆ. ಅವರು ಕೇಳಿದ್ದು ಒಂದೇ, "ಬಸಳೆ ಹೇಗಿದೆ?"

ಹಿತ್ತಿಲ ಬಾಗಿಲು (ಸಾಗರ)

ಒಂದು ಹೀರೆಕಾಯಿಯನ್ನು ಕೊಯ್ಯದೆ ಬಳ್ಳಿಯಲ್ಲೇ ಬಿಡು ತಂಗಿ, ಮೊದಲು ಬಂದ ಬಳ್ಳಿಯದ್ದು. ಒಣಗಿ ಗಲಗಲ ಅನ್ನಬೇಕು. ಬೀಜ ತೆಗೆದು ಬೂದಿಯಲ್ಲಿ ಹೊರಳಿಸಿ ಡಬ್ಬಿಯಲ್ಲಿಡು. ನನಗೂ ನಾಲ್ಕು ಕಳಿಸು.